ಎರಡಡಿ ಮೋರಿ

ಕಳೆದ ಮಳೆಗಾಲದ ಒಂದು ರಾತ್ರಿ ಎರಡು ತಾಸು ಸುರಿದ ಮಳೆಗೆ ದೊಡ್ಡಬಳ್ಳಾಪುರದ ಪಕ್ಕದ ಬಾಶೆಟ್ಟಿಹಳ್ಳಿಯ ನಮ್ಮ ಬೀದಿಯಲ್ಲಿ ಮೊಣಕಾಲುದ್ದ ನೀರು ನಿಂತಿತು. ಬೆಳಿಗ್ಗೆ ಗಾರ್ಮೆಂಟ್ಸ್‌ಗೆ ಹೊರಟ ಹೆಣ್ಣುಮಕ್ಕಳು ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಊಟದ ಬ್ಯಾಗು ಎತ್ತಿ ಹಿಡಿದು ಗೋಡೆ ಸವರಿಕೊಂಡು ನಡೆಯುತ್ತಿದ್ದರು. ಆ ನೀರಿನ ಬಣ್ಣ ನೋಡಿದರೆ ಅದು ಬರೀ ಮಳೆಯದ್ದಲ್ಲ ಎಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ರಸ್ತೆ ದಾಟಿ ಆಚೆಗೆ ಹೋದೆ. ಅಲ್ಲಿ ಕೆರೆಗೆ ನೀರು ಒಯ್ಯುವ ಕಾಲುವೆ ಇದೆ. ಇದೆ ಅಂದರೆ ತಗ್ಗಿನ ಗುರುತು ಇದೆ. ತಳದಲ್ಲಿ ಬೆರಳು ಅದ್ದುವಷ್ಟು ನೀರು, ಮಿಕ್ಕಿದ್ದೆಲ್ಲ ಲಂಟಾನ. ಈ ಕಡೆ ಮನೆಯೊಳಗೆ ನೀರು, ಆ ಕಡೆ ಕೆರೆಗೆ ನೀರಿಲ್ಲ. ನಡುವೆ ಒಂದು ಮೋರಿ.

ಕುಕ್ಕುರುಗಾಲಲ್ಲಿ ಕೂತು ಆ ಮೋರಿ ನೋಡಿದೆ. ಎರಡಡಿ ಅಗಲದ ಸಿಮೆಂಟು ಪೈಪು. ಅರ್ಧದವರೆಗೆ ಮಣ್ಣು. ಬಾಯಿಗೆ ಅಡ್ಡಲಾಗಿ ಪ್ಲಾಸ್ಟಿಕ್ ಕವರು, ಥರ್ಮಾಕೋಲಿನ ತುಂಡು, ಯಾವುದೋ ಫ್ಯಾಕ್ಟರಿಯ ಕಟಿಂಗ್ ಟೇಬಲ್ಲಿನಿಂದ ಬಂದ ಬಣ್ಣಬಣ್ಣದ ಬಟ್ಟೆ ಚಿಂದಿ. ರಸ್ತೆ ಅಗಲ ಮಾಡುವಾಗ ಹಳೆಯ ಕಲ್ಲುಕಟ್ಟಡದ ಮೋರಿ ಕಿತ್ತು ಇದನ್ನು ಹೂತಿದ್ದರು. ಪಕ್ಕದ ಹೊಲದ ತಾತ ಸನಿಕೆ ಹಿಡಿದು ನಿಂತಿದ್ದ. "ಅಲ್ಲ ಮಗಾ, ಮುಂಚೆ ಇಲ್ಲಿ ಎತ್ತಿನ ಗಾಡಿ ಇಳಿಸಿ ಎತ್ತಿಗೆ ನೀರು ಕುಡಿಸ್ತಿದ್ವು. ಈಗ ನೋಡು, ನಾಯಿ ನುಗ್ಗಿದ್ರೆ ಸಿಗಾಕ್ಕೋತದೆ," ಎಂದ. ನಗಲಿಲ್ಲ. ನನಗೂ ನಗು ಬರಲಿಲ್ಲ.

ಕೋಟಿಗಟ್ಟಲೆ ಸುರಿದು ಮಾಡಿದ ರಸ್ತೆಯಲ್ಲಿ ಈ ಪೈಪಿಗೆ ಎಷ್ಟು ಖರ್ಚಾಗಿರಬಹುದು? ಇನ್ನು ಸ್ವಲ್ಪ ದೊಡ್ಡದಾಗಿ, ಇನ್ನೊಂದಡಿ ತಗ್ಗಿನಲ್ಲಿ ಇಟ್ಟಿದ್ದರೆ ಯಾರ ಗಂಟು ಹೋಗುತ್ತಿತ್ತು? ನನ್ನನ್ನು ಉರಿಸುವುದು ಇದು. ಕೆಟ್ಟ ಉದ್ದೇಶದಿಂದ ಹಾಳು ಮಾಡಿದ್ದರೆ ಎದುರಾಳಿ ಯಾರೆಂದಾದರೂ ಗೊತ್ತಾಗುತ್ತಿತ್ತು. ಇಲ್ಲಿ ಯಾರಿಗೂ ಉದ್ದೇಶವೇ ಇಲ್ಲ. ನಕ್ಷೆ ಬರೆದವನು ಕಾಲುವೆ ನೋಡಿಲ್ಲ, ಗುತ್ತಿಗೆದಾರ ನಕ್ಷೆ ನೋಡಿಲ್ಲ, ಬಿಲ್ ಪಾಸು ಮಾಡಿದವನು ಕೆಲಸ ನೋಡಿಲ್ಲ. ನೂರಾರು ವರ್ಷ ಯಾರೋ ಇಳಿಜಾರು ಅಳೆದು, ಮಣ್ಣು ಹೊತ್ತು, ಕೆರೆಯಿಂದ ಕೆರೆಗೆ ಜೋಡಿಸಿದ್ದನ್ನು ಮೂರು ಜನರ ಉದಾಸೀನ ಒಂದೇ ಮಧ್ಯಾಹ್ನದಲ್ಲಿ ಮುಗಿಸಿಬಿಟ್ಟಿತು.

ರಸ್ತೆಯೇ ಬೇಡ ಅನ್ನುತ್ತಿದ್ದೀಯಾ ಎಂದು ಕೇಳುವವರಿದ್ದಾರೆ. ರಸ್ತೆ ಬೇಡ ಅನ್ನುವವನಿಗೆ ಬಾಶೆಟ್ಟಿಹಳ್ಳಿಯಲ್ಲಿ ಅನ್ನವಿಲ್ಲ ಸ್ವಾಮಿ. ಈ ಊರು ಹೊಟ್ಟೆ ಹೊರೆಯುತ್ತಿರುವುದೇ ಓಡಾಟದ ಮೇಲೆ. 1890ರ ದಶಕದ ಆರಂಭದಲ್ಲಿ ಬೆಂಗಳೂರಿನಿಂದ ಹಿಂದೂಪುರದ ಕಡೆಗೆ ಮೀಟರ್‌ಗೇಜ್ ಹಳಿ ಬಿತ್ತು. ದೊಡ್ಡಬಳ್ಳಾಪುರ ಆ ಹಳಿಯ ಮೇಲಿನ ಊರಾಯಿತು. ನೇಕಾರರು ಮಗ್ಗ ಕಟ್ಟಿದರು, ಕೈಮಗ್ಗ ಹೋಗಿ ವಿದ್ಯುತ್ ಮಗ್ಗ ಬಂತು, ಸೀರೆ ಹೊರಗೆ ಹೋಗಿ ದುಡ್ಡು ಒಳಗೆ ಬಂತು. ಇವತ್ತಿಗೂ ದೊಡ್ಡಬಳ್ಳಾಪುರದ ಬೀದಿಗಳಲ್ಲಿ ಕರೆಂಟು ಹೋದದ್ದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಮಗ್ಗದ ಸದ್ದು ನಿಂತರೆ ಆ ದಿನದ ಕೂಲಿ ನಿಂತ ಹಾಗೆ. ಆಮೇಲೆ ಕೈಗಾರಿಕಾ ಪ್ರದೇಶ ಬಂತು, ಅಪೆರಲ್ ಪಾರ್ಕ್ ಬಂತು, 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಬಂತು. ಗ್ರಾಮ ಪಂಚಾಯಿತಿಯಾಗಿದ್ದ ಬಾಶೆಟ್ಟಿಹಳ್ಳಿ ಪಟ್ಟಣ ಪಂಚಾಯಿತಿ ಆಯಿತು. ನಮ್ಮ ಮನೆಯ ಮೇಲಿನ ಎರಡು ರೂಮಿನ ಬಾಡಿಗೆಯೂ ಈ ಓಡಾಟದ ಅನ್ನವೇ. ಅನ್ನ ತಿಂದ ಮೇಲೆ ಎಲೆಯ ಲೆಕ್ಕ ಕೇಳಬಾರದು ಎಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲವಲ್ಲ?

ನಮ್ಮೂರ ಪಕ್ಕದಲ್ಲಿ ರಸ್ತೆಯೂ ಹಳಿಯೂ ಹೆಚ್ಚುಕಡಿಮೆ ಜೊತೆಜೊತೆಗೇ ಹೋಗುತ್ತವೆ. ಯಲಹಂಕದಿಂದ ದೊಡ್ಡಬಳ್ಳಾಪುರದ ಮೇಲೆ ಹಿಂದೂಪುರದ ಕಡೆ ಹೋಗುವ ರಾಜ್ಯ ಹೆದ್ದಾರಿ ಚತುಷ್ಪಥ ಆಯಿತು, ಮಾರಸಂದ್ರದಲ್ಲಿ ಟೋಲ್ ಕೂತಿತು. ಅತ್ತ ಡಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಸುತ್ತಿ ಹೊಸಕೋಟೆಗೆ ಉಪನಗರ ವರ್ತುಲ ರಸ್ತೆಯ 80 ಕಿಲೋಮೀಟರ್ ತೆರೆದುಕೊಂಡಿದೆ. ಪೂರ್ತಿ ಆದರೆ ಬೆಂಗಳೂರಿನ ಸುತ್ತ ಸುಮಾರು 280 ಕಿಲೋಮೀಟರಿನ ಉಂಗುರ. ಒಳ್ಳೆಯದೇ. ಮುಂಬೈ ಕಡೆಯ ಲಾರಿ ಹೊಸೂರಿಗೆ ಹೋಗಲು ಬೆಂಗಳೂರಿನ ಹೊಟ್ಟೆ ಸೀಳಬೇಕಾಗಿಲ್ಲ. ಆದರೆ ಆ ರಸ್ತೆಗೆ ಬೇಕಾದ ಮಣ್ಣು, ಜಲ್ಲಿ, ಎಂ-ಸ್ಯಾಂಡ್ ಆಕಾಶದಿಂದ ಉದುರುವುದಿಲ್ಲ. ರಸ್ತೆ ಎತ್ತರವಾದಷ್ಟೂ ಎಲ್ಲೋ ಒಂದು ಬಂಡೆ, ಒಂದು ದಿಣ್ಣೆ, ಒಂದು ಗೋಮಾಳ ತಗ್ಗಾಗುತ್ತದೆ. ಗುಡ್ಡ ಬಗೆದು ಏರಿ ಹಾಕುತ್ತೀರಿ, ಆ ಏರಿಯೇ ನೀರಿಗೆ ಗೋಡೆಯಾಗುತ್ತದೆ, ಅದರ ಕೆಳಗೆ ಎರಡಡಿ ಮೋರಿ ಇಟ್ಟು ಕೈ ತೊಳೆದುಕೊಳ್ಳುತ್ತೀರಿ.

ಮರದ ಮಾತು ಎತ್ತಿದರೆ ಕೆಲವರು ಕಣ್ಣು ಮೇಲೆ ಮಾಡುತ್ತಾರೆ, ಇವನೊಬ್ಬ ಪರಿಸರದವನು ಬಂದ ಅಂತ. ನಮ್ಮ ಅಡ್ಡರಸ್ತೆಯ ಪಕ್ಕ ಇದ್ದದ್ದು ಹುಣಸೆಮರ. ಹಣ್ಣು ಹರಾಜು ಹಿಡಿದವರು ಫೆಬ್ರವರಿ ಹೊತ್ತಿಗೆ ಕೊಂಬೆ ಬಡಿಯುತ್ತಿದ್ದರು. ಹೆಂಗಸರು ಕೆಳಗೆ ಗೋಣಿ ಹಾಸಿ ಕೂತು ಓಡು ಕಳಚಿ ಬೀಜ ತೆಗೆಯುತ್ತಿದ್ದರು. ಕೆಜಿಗೆ ಇಷ್ಟು ಎಂದು ಕೂಲಿ. ನನ್ನ ಅಜ್ಜಿಯ ಬೆರಳ ತುದಿ ಬೇಸಿಗೆಯಿಡೀ ಕಪ್ಪಗೆ, ಹುಳಿಹುಳಿ ವಾಸನೆ. ಅದು ನೆರಳು, ಕೂಲಿ, ಸಾರು, ಮೂರೂ ಆಗಿತ್ತು. ರಸ್ತೆ ಅಗಲ ಮಾಡಿದ ವರ್ಷ ಬುಡಕ್ಕೆ ಸುಣ್ಣದಲ್ಲಿ ನಂಬರು ಬರೆದು ಹೋದರು. ಹದಿನೈದು ದಿನದಲ್ಲಿ ಮರ ಇಲ್ಲ, ನಂಬರೂ ಇಲ್ಲ. ಬದಲಿಗೆ ಗಿಡ ನೆಟ್ಟಿದ್ದೇವೆ ಅಂದರು. ಎಲ್ಲಿ ಎಂದು ಕೇಳಿದ್ದಕ್ಕೆ ಬೇರೆ ತಾಲ್ಲೂಕಿನ ಹೆಸರು ಹೇಳಿದರು. ನಮ್ಮ ಬಸ್‌ಸ್ಟಾಪಿನಲ್ಲಿ ನಿಂತವರು ಬಿಸಿಲಾದರೆ ಆ ತಾಲ್ಲೂಕಿಗೆ ಹೋಗಿ ನೆರಳಲ್ಲಿ ನಿಂತು ಬರಬೇಕೇನೋ.

ಸಾಲುಮರದ ತಿಮ್ಮಕ್ಕನವರು ಹುಲಿಕಲ್‌ನಿಂದ ಕುದೂರಿನವರೆಗೆ ನೆಟ್ಟು ಬೆಳೆಸಿದ ಆಲದ ಸಾಲಿಗೂ 2019ರಲ್ಲಿ ಇದೇ ಕುತ್ತು ಬಂದಿತ್ತು. ಬಾಗೇಪಲ್ಲಿ–ಹಲಗೂರು ರಸ್ತೆ ಅಗಲ ಮಾಡುವ ಲೆಕ್ಕದಲ್ಲಿ. ಆ ತಾಯಿ ಸರ್ಕಾರದ ಬಾಗಿಲು ತಟ್ಟಿದರು, ಮರ ಕಡಿಯುವುದಿಲ್ಲವೆಂದು ಮಾತು ಸಿಕ್ಕಿತು. ಪದ್ಮಶ್ರೀ ಬಂದವರ ಮರಕ್ಕೇ ಈ ಗತಿಯಾದರೆ ಹೆಸರಿಲ್ಲದವರು ನೆಟ್ಟ ಹುಣಸೆಮರದ ಪರವಾಗಿ ಯಾರು ಹೋಗಿ ಬಾಗಿಲು ತಟ್ಟಬೇಕು? ರಾಜ್ಯದಲ್ಲಿ 1976ರಿಂದ ಮರ ಸಂರಕ್ಷಣಾ ಕಾಯ್ದೆ ಇದೆ. ಕಾಯ್ದೆ ಪುಸ್ತಕದಲ್ಲಿ ಹಸಿರಾಗಿಯೇ ಇದೆ.

ಈಗ ಎಣ್ಣೆಯ ಲೆಕ್ಕಕ್ಕೆ ಬರೋಣ. ಇದನ್ನು ಯಾರೂ ನಮ್ಮ ಮುಂದೆ ಇಡುವುದಿಲ್ಲ. ನಮ್ಮ ಜಿಲ್ಲೆಯದೇ ಹೊಸಕೋಟೆ ತಾಲ್ಲೂಕಿನ ದೇವನಗೊಂದಿಯಲ್ಲಿ ತೈಲ ಕಂಪನಿಗಳ ದೊಡ್ಡ ಡಿಪೋಗಳಿವೆ. ಮಂಗಳೂರಿನಿಂದ ಹಾಸನದ ಮೇಲೆ 362 ಕಿಲೋಮೀಟರ್ ಪೈಪಿನಲ್ಲಿ ಹರಿದು ಬರುವ ಪೆಟ್ರೋಲು, ಡೀಸೆಲ್ಲು ಅಲ್ಲಿಗೆ ಸೇರುತ್ತದೆ. ಮಂಗಳೂರಿಗೆ ಬರುವುದು ಎಲ್ಲಿಂದ? ಹಡಗಿನಲ್ಲಿ. ದೇಶಕ್ಕೆ ಬೇಕಾದ ಕಚ್ಚಾತೈಲದಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಪಾಲು ಆಮದು. ಯಾವ ಗಲ್ಫಿನಲ್ಲಿ ಯಾರು ಬಾಂಬು ಹಾಕಿದರೂ ದೊಡ್ಡಬಳ್ಳಾಪುರದ ಮಾರ್ಕೆಟ್ಟಿನಲ್ಲಿ ಟೊಮೇಟೊ ಸಾಗಿಸುವ ಟೆಂಪೊದವನು ಬಾಡಿಗೆ ಏರಿಸುವುದು ಇದಕ್ಕೇ. ಜಲ್ಲಿ ಟಿಪ್ಪರಿನ ಡ್ರೈವರೊಬ್ಬನನ್ನು ಟೀ ಅಂಗಡಿಯಲ್ಲಿ ಕೇಳಿದೆ. "ಲೋಡಿದ್ರೆ ಲೀಟ್ರಿಗೆ ಮೂರು ಕಿಲೋಮೀಟ್ರು ಕೊಟ್ರೆ ಪುಣ್ಯ ಕಣಣ್ಣ. ಟೋಲಲ್ಲಿ ನಿಂತ್ರೆ ಅದೂ ಇಲ್ಲ," ಅಂದ. ಒಂದು ಲೀಟರ್ ಡೀಸೆಲ್ ಉರಿದರೆ ಹೊಗೆಯಲ್ಲಿ ಎರಡೂವರೆ ಕಿಲೋಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್. ಮಾರಸಂದ್ರದಿಂದ ನಮ್ಮೂರವರೆಗೆ ಸಂಜೆ ಹೊತ್ತು ಲಾರಿಗಳು ಒಂದರ ಬಾಲಕ್ಕೊಂದು ಕಟ್ಟಿದ ಹಾಗೆ ನಿಂತಾಗ ಆ ಲೆಕ್ಕ ನಮ್ಮ ಮಕ್ಕಳ ಮೂಗಿನಲ್ಲಿ ನಡೆಯುತ್ತಿರುತ್ತದೆ.

ಆ ಲಾರಿ ಸಾಲಿನ ಪಕ್ಕದಲ್ಲೇ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಎರಡು ಹಳಿ ಖಾಲಿ ಬಿದ್ದಿರುತ್ತವೆ.

ಹಳಿಗೆ ಏನೂ ಕಮ್ಮಿಯಿಲ್ಲ. 1980ರ ದಶಕದಲ್ಲಿ ಬ್ರಾಡ್‌ಗೇಜ್ ಆಯಿತು. ಈಚೆಗೆ ಯಲಹಂಕದಿಂದ ಪೆನುಕೊಂಡದವರೆಗೆ ಜೋಡಿ ಮಾರ್ಗ ಆಗಿದೆ. ತಲೆಯ ಮೇಲೆ ಕರೆಂಟಿನ ತಂತಿ ಎಳೆದಿದ್ದಾರೆ. ಕಬ್ಬಿಣದ ಚಕ್ರ ಕಬ್ಬಿಣದ ಮೇಲೆ ಉರುಳುವಾಗ ಟಾರಿನ ಮೇಲೆ ಟೈರು ಉಜ್ಜುವಷ್ಟು ಶಕ್ತಿ ಪೋಲಾಗುವುದಿಲ್ಲ. ಒಂದು ಟನ್ ಸರಕನ್ನು ಅಷ್ಟೇ ದೂರ ಒಯ್ಯಲು ಲಾರಿಗೆ ಬೇಕಾಗುವುದರ ನಾಲ್ಕೈದರಲ್ಲೊಂದು ಪಾಲು ಶಕ್ತಿ ರೈಲಿಗೆ ಸಾಕು. ಆ ಶಕ್ತಿಯೂ ಗಲ್ಫಿನಿಂದ ಬರಬೇಕಾಗಿಲ್ಲ. ಹಿಂದೂಪುರದ ಆಚೆ ಬದಿಗೇ ಪಾವಗಡ. ಅಲ್ಲಿ 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆ. ಬಯಲುಸೀಮೆಯ ಬಿಸಿಲಿನಲ್ಲಿ ಹುಟ್ಟಿದ ಕರೆಂಟು ಬಯಲುಸೀಮೆಯ ರೈಲು ಎಳೆಯಬಹುದು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ದೇಶದ ಸರಕಿನಲ್ಲಿ ಹತ್ತರಲ್ಲಿ ಎಂಟು ಪಾಲಿಗೂ ಹೆಚ್ಚು ಹೊರುತ್ತಿದ್ದದ್ದು ರೈಲು. ಈಗ ಮೂರರಲ್ಲಿ ಒಂದು ಪಾಲೂ ಇಲ್ಲ. 2030ಕ್ಕೆ ನೂರಕ್ಕೆ 45ಕ್ಕೆ ಏರಿಸುತ್ತೇವೆ ಎಂದು ರೈಲ್ವೆಯೇ ಯೋಜನೆ ಬರೆದುಕೊಂಡಿದೆ. ಬರೆದದ್ದು ಹಳಿಗೆ ಇಳಿಯಬೇಕಲ್ಲ.

ಆಗುವುದಿಲ್ಲ ಅನ್ನುವುದಕ್ಕೂ ಆಗುವುದಿಲ್ಲ. 2020ರ ಆಗಸ್ಟ್ 30ರಂದು ನಮ್ಮ ಜಿಲ್ಲೆಯದೇ ನೆಲಮಂಗಲದಿಂದ ಸೊಲ್ಲಾಪುರದ ಬಳಿಯ ಬಾಳೆಗೆ ಒಂದು ವಿಚಿತ್ರ ರೈಲು ಹೊರಟಿತು. ಲೋಡು ಹೊತ್ತ ಲಾರಿಗಳನ್ನೇ ಸಾಲಾಗಿ ವ್ಯಾಗನ್ನಿನ ಮೇಲೆ ಹತ್ತಿಸಿಕೊಂಡು 682 ಕಿಲೋಮೀಟರ್ ಹೋಗುವ ರೋ-ರೋ ರೈಲು. ಡ್ರೈವರ್ ಕ್ಲೀನರ್ ನಿದ್ದೆ ಹೊಡೆಯುತ್ತ ಹೋಗಬಹುದು, ಟೈರು ಸವೆಯುವುದಿಲ್ಲ, ಎಣ್ಣೆ ಉರಿಯುವುದಿಲ್ಲ. ಕೊಂಕಣ ರೈಲ್ವೆ 1999ರಿಂದ ಇದನ್ನು ಮಾಡುತ್ತ ಬಂದಿದೆ. ಇಡೀ ಜಿಲ್ಲೆಯ ತುಂಬ ಕೈಗಾರಿಕಾ ಪ್ರದೇಶ ಹಬ್ಬಿಸಿ, ಲಾರಿ ಮೇಲೆ ಲಾರಿ ಬಿಟ್ಟವರಿಗೆ ಇದೊಂದನ್ನು ದೊಡ್ಡಬಳ್ಳಾಪುರದಿಂದಲೂ ಮಾಡೋಣ ಎಂದು ಯಾಕೆ ಹೊಳೆಯುವುದಿಲ್ಲ? ಡಾಬಸ್‌ಪೇಟೆ ಹತ್ತಿರ ಮುದ್ದಲಿಂಗನಹಳ್ಳಿಯಲ್ಲಿ 400 ಎಕರೆ ಲಾಜಿಸ್ಟಿಕ್ಸ್ ಪಾರ್ಕ್ ಎಂದು ಹೇಳುತ್ತಿದ್ದಾರೆ, ರೈಲು ಮಾರ್ಗ ಪಕ್ಕದಲ್ಲೇ ಇದೆ ಎಂದೂ ಹೇಳುತ್ತಿದ್ದಾರೆ. ನೋಡೋಣ. ಹಳಿ ಒಳಗೆ ಬಂದ ದಿನ ನಂಬುತ್ತೇನೆ. ಅಲ್ಲಿಯವರೆಗೆ ಅದು ಇನ್ನೊಂದು ಲಾರಿ ನಿಲ್ದಾಣ.

ಇನ್ನು ಜನರ ಪಾಡು. ಬೆಂಗಳೂರಿಗೆ ಉಪನಗರ ರೈಲು ಬೇಕೆಂಬ ಮಾತು 1983ರದ್ದು. ನಾನು ಶಾಲೆಗೆ ಸೇರುವ ಮುಂಚಿನ ಮಾತು. 2020ರಲ್ಲಿ ಕೇಂದ್ರ ಸಂಪುಟ ಒಪ್ಪಿತು, 148 ಕಿಲೋಮೀಟರ್, ನಾಲ್ಕು ಮಾರ್ಗ. 2022ರ ಜೂನ್‌ನಲ್ಲಿ ಪ್ರಧಾನಿ ಬಂದು ಶಂಕುಸ್ಥಾಪನೆ ಮಾಡಿ 40 ತಿಂಗಳಲ್ಲಿ ಮುಗಿಸುವ ಮಾತಾಡಿದರು. ತಿಂಗಳು ಮುಗಿದವು. ಮಾರ್ಗಗಳಿಗೆ ಚೆಂದದ ಹೆಸರಿಟ್ಟಿದ್ದಾರೆ: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ನಮ್ಮ ಕಡೆಗೆ ಬರುವುದು ಕನಕ, ಹೀಲಲಿಗೆಯಿಂದ ಸುಮಾರು 47 ಕಿಲೋಮೀಟರ್ ಬಂದು ರಾಜಾನುಕುಂಟೆಯಲ್ಲಿ ನಿಲ್ಲುತ್ತದೆ. ರಾಜಾನುಕುಂಟೆ! ಅಲ್ಲಿಂದ ಹತ್ತು ಹನ್ನೆರಡು ಕಿಲೋಮೀಟರ್ ಮುಂದೆ ಸಾವಿರಾರು ಜನ ಮೂರು ಶಿಫ್ಟಿನಲ್ಲಿ ದುಡಿಯುವ ಕೈಗಾರಿಕಾ ಪ್ರದೇಶ ಇದೆ, ಹಳಿ ಅದರ ಪಕ್ಕಕ್ಕೇ ಬಂದಿದೆ, ತಂತಿ ಬಂದಿದೆ. ರೈಲು ಮಾತ್ರ ಅಲ್ಲೇ ನಿಂತು ವಾಪಸು ತಿರುಗುತ್ತದಂತೆ. ಹೂವು ಮುಡಿಸಲು ಬಂದವರು ಹೊಸಿಲ ತನಕ ಬಂದು ಹಿಂದಿರುಗಿದ ಹಾಗೆ.

ಈಗ ನಡೆಯುವುದು ಹೇಗೆಂದರೆ, ಗೌರಿಬಿದನೂರು, ತೊಂಡೇಬಾವಿ ಕಡೆಯ ಹೆಣ್ಣುಮಕ್ಕಳು ಪ್ಯಾಸೆಂಜರ್ ರೈಲಿನಲ್ಲಿ ದೊಡ್ಡಬಳ್ಳಾಪುರಕ್ಕೆ ಬಂದಿಳಿಯುತ್ತಾರೆ. ರೈಲು ಪೂರ್ತಿ ನಿಲ್ಲುವುದಕ್ಕೆ ಮುಂಚೆಯೇ ಬಾಗಿಲಲ್ಲಿ ಸೆರಗು ಸಿಕ್ಕಿಸಿಕೊಂಡು ತಯಾರು. ಇಳಿದವರೇ ಓಟ. ಆಟೊದಲ್ಲಿ ಎಂಟು ಜನ, ಹತ್ತು ಜನ, ಡ್ರೈವರಿನ ಎಡಬಲಕ್ಕೆ ಇಬ್ಬರು. ರೈಲು ಐದು ನಿಮಿಷ ತಡವಾದರೆ ಗೇಟಿನಲ್ಲಿ ಪಂಚಿಂಗ್ ತಪ್ಪುತ್ತದೆ, ಅರ್ಧ ದಿನದ ಸಂಬಳ ಕಟ್. ಅದೇ ರೈಲು ಬಾಶೆಟ್ಟಿಹಳ್ಳಿಯ ಪಕ್ಕದಲ್ಲೇ ಹಾದುಹೋಗುತ್ತದೆ, ನಿಲ್ಲುವುದಿಲ್ಲ. ದೊಡ್ಡಬಳ್ಳಾಪುರ ಬಿಟ್ಟರೆ ಮುಂದಿನ ನಿಲ್ದಾಣ ರಾಜಾನುಕುಂಟೆ. ನಮ್ಮೂರ ಹತ್ತಿರ ಒಂದು ಪ್ಲಾಟ್‌ಫಾರಂ, ಒಂದು ತಗಡಿನ ಸೂರು, ಎರಡು ನಿಮಿಷದ ನಿಲುಗಡೆ. ಇಷ್ಟು ಕೇಳಿದರೆ ಅದು ಅಭಿವೃದ್ಧಿಯ ಭಾಷೆಯಲ್ಲಿ ಬರುವುದಿಲ್ಲ. ಅಭಿವೃದ್ಧಿ ಅಂದರೆ ಮೇಲ್ಸೇತುವೆ ಇರಬೇಕು, ಉದ್ಘಾಟನೆ ಇರಬೇಕು, ಫ್ಲೆಕ್ಸ್ ಇರಬೇಕು. ಎರಡು ನಿಮಿಷದ ನಿಲುಗಡೆಗೆ ಯಾರು ಫ್ಲೆಕ್ಸ್ ಹಾಕಿಸುತ್ತಾರೆ?

ಮತ್ತೆ ನನ್ನ ಮೋರಿಗೆ ಬರುತ್ತೇನೆ, ಯಾಕೆಂದರೆ ಅದು ಬರೀ ನಮ್ಮ ಬೀದಿಯ ಮೋರಿಯಲ್ಲ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ಈ ತಾಲ್ಲೂಕಿನ ಕೆರೆಗಳ ಸರಪಳಿಯಾಗಿಯೇ ಹರಿಯುತ್ತಿದ್ದ ನದಿ. ಒಂದು ಕೆರೆಯ ಕೋಡಿ ಬಿದ್ದರೆ ಮುಂದಿನ ಕೆರೆ. ಹಾಗೆ ಇಳಿಯುತ್ತ ಹೋಗಿ ಹೆಸರಘಟ್ಟ. 1890ರ ದಶಕದಲ್ಲಿ ಬೆಂಗಳೂರಿಗೆ ಮೊದಲ ಕೊಳಾಯಿ ನೀರು ಹೋದದ್ದು ಆ ಹೆಸರಘಟ್ಟದಿಂದ, ಅಂದರೆ ನಮ್ಮ ಕೋಡಿಗಳಿಂದ. 1933ರಲ್ಲಿ ಅದರ ಕೆಳಗೆ ತಿಪ್ಪಗೊಂಡನಹಳ್ಳಿ ಜಲಾಶಯ. ಈಗ ಚಿಕ್ಕತುಮಕೂರು, ದೊಡ್ಡತುಮಕೂರು ಕೆರೆಗಳ ಏರಿ ಮೇಲೆ ನಿಂತು ಉಸಿರೆಳೆದು ನೋಡಿ. ನಗರದ ಚರಂಡಿ, ಕೈಗಾರಿಕಾ ಪ್ರದೇಶದ ಕೊಳಕು ಎರಡೂ ತಮ್ಮ ಕೆರೆಗೇ ಬಂದು ಬೀಳುತ್ತಿವೆ ಎಂದು ದೊಡ್ಡತುಮಕೂರು, ಮಜರಾಹೊಸಹಳ್ಳಿಯ ಜನ ವರ್ಷಗಳಿಂದ ಬೀದಿಯಲ್ಲಿ ಕೂತು ಕೂಗುತ್ತಿದ್ದಾರೆ. ತಿಪ್ಪಗೊಂಡನಹಳ್ಳಿಯ ಜಲಾನಯನ ಉಳಿಸಬೇಕೆಂದು 2003ರಲ್ಲಿ ಸರ್ಕಾರವೇ ಅಧಿಸೂಚನೆ ಹೊರಡಿಸಿತ್ತು. 2019ರಲ್ಲಿ ಸರ್ಕಾರವೇ ಅದನ್ನು ಸಡಿಲ ಮಾಡಿತು.

ಇಲ್ಲಿಗೆ ನಿಂತಿದ್ದರೆ ಬರೀ ನೀರಿನ ಕತೆ ಆಗುತ್ತಿತ್ತು. ನಿಲ್ಲುವುದಿಲ್ಲ. ಮನೆ ಮುಂದಿನ ನೀರನ್ನು ಮೋರಿಯಲ್ಲಿ ಕಟ್ಟಿಹಾಕಿ, ಕೆರೆಯಲ್ಲಿ ಕೊಳೆಸಿ, ಈಗ ಸಕಲೇಶಪುರದ ಘಟ್ಟದಿಂದ ಎತ್ತಿನಹೊಳೆ ನೀರು ತರುತ್ತೇವೆ ಅನ್ನುತ್ತಿದ್ದಾರೆ. 23,251 ಕೋಟಿ ರೂಪಾಯಿ. ದೊಡ್ಡ ದೊಡ್ಡ ಪಂಪು ಹಚ್ಚಿ ಬೆಟ್ಟ ಹತ್ತಿಸಬೇಕು, ಅದಕ್ಕೆ ಹಗಲೂ ರಾತ್ರಿ ಕರೆಂಟು ಸುರಿಯಬೇಕು. ಬೆಂಗಳೂರು ಕಾವೇರಿಯನ್ನು ನೂರು ಕಿಲೋಮೀಟರ್ ದೂರದಿಂದ ಅರ್ಧ ಕಿಲೋಮೀಟರ್ ಎತ್ತರಕ್ಕೆ ಎತ್ತುತ್ತಿರುವುದೂ ಹೀಗೆಯೇ. ಇಳಿಜಾರಿನಲ್ಲಿ ಪುಕ್ಕಟೆ ಹರಿದು ಬರುತ್ತಿದ್ದ ನೀರಿಗೆ ಅಡ್ಡ ಕಟ್ಟಿ, ಏರಿನಲ್ಲಿ ದುಡ್ಡು ಕೊಟ್ಟು ನೀರು ಹತ್ತಿಸುತ್ತೀರಿ. ಇದನ್ನು ಎಂಜಿನಿಯರಿಂಗ್ ಎಂದು ಕರೆದರೆ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಪೇಟ ತೆಗೆದು ಕೈಯಲ್ಲಿ ಹಿಡಿದುಕೊಂಡಾರು.

ಹೇಳಿದರೆ ಕೇಳುತ್ತಾರಾ ಎನ್ನುವವರಿಗೆ ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿ ತೋರಿಸುತ್ತೇನೆ. 13 ಹಳ್ಳಿ, 1,777 ಎಕರೆ. ಕೊಡುವುದಿಲ್ಲ ಎಂದು ರೈತರು ಮೂರು ವರ್ಷಕ್ಕೂ ಮಿಕ್ಕಿ ಕೂತರು. 2025ರ ಜುಲೈ 15ರಂದು ಸರ್ಕಾರ ಭೂಸ್ವಾಧೀನ ಕೈಬಿಟ್ಟಿತು. ಸಾವಿರ ದಿನ ಕೂತವರ ಮುಂದೆ ನಮ್ಮ ಮೋರಿ ಯಾವ ಲೆಕ್ಕ ಎಂದುಕೊಂಡೇ ನಾವೂ ಅರ್ಜಿ ಬರೆದದ್ದು.

ಅರ್ಜಿಯ ಜೊತೆ ತಾತನೂ ಬಂದ. ಮೊದಲ ಆಫೀಸಿನವರು, ಪೈಪು ರಸ್ತೆಯ ಕೆಳಗಿದೆ, ರಸ್ತೆಯವರನ್ನು ಕೇಳಿ ಅಂದರು. ರಸ್ತೆಯವರು, ನೀರು ಕೆರೆಗೆ ಹೋಗುವುದು, ಕೆರೆಯವರನ್ನು ಕೇಳಿ ಅಂದರು. ಕೆರೆಯವರು, ಮನೆಗೆ ನುಗ್ಗಿದ ನೀರು ಚರಂಡಿಯದ್ದು, ಮೊದಲ ಆಫೀಸಿಗೇ ಹೋಗಿ ಅಂದರು. ಪೈಪೇನೋ ಒಂದೇ ಕಡೆ ಕಟ್ಟಿಕೊಂಡಿತ್ತು. ಕೊನೆಗೆ ಒಬ್ಬ ಗುಮಾಸ್ತ ಕರುಣೆ ತೋರಿ ಅರ್ಜಿಯ ಜೆರಾಕ್ಸಿನ ಮೇಲೆ ಸೀಲು ಹೊಡೆದು ಕೊಟ್ಟ. ತಾತ ಅದನ್ನು ನಾಲ್ಕು ಮಡಿಕೆ ಮಡಿಸಿ ಅಂಗಿಯ ಒಳಜೇಬಿಗೆ ಸೇರಿಸಿದ.

ಬಸ್ಸಿನಲ್ಲಿ ಬರುವಾಗ ಕೇಳಿದೆ, "ತಾತ, ಮುಂದೇನು?"

"ಏನಿಲ್ಲ ಕಣ ಮಗಾ. ಇವರು ಬತ್ತಾರೆ ಅಂತ ಯುಗಾದಿ ಗಂಟ ನೋಡ್ತೀನಿ. ಬರ್ಲಿಲ್ವ, ಮುಂಗಾರು ಹುಯ್ಯೋಕೆ ಮುಂಚೆ ನಾವೇ ಅಗಿಯೋದು. ಮನೇಲಿ ಎರಡು ಹಾರೆ ಐತೆ. ನಿಮ್ಮ ಮನೇಲಿ ಎಷ್ಟೈತೆ?"

ನಮ್ಮ ಮನೆಯಲ್ಲಿ ಒಂದಿದೆ. ಕಾವು ಸಡಿಲವಾಗಿದ್ದ ಸನಿಕೆಯೂ ಒಂದಿತ್ತು, ಮೊನ್ನೆ ಅದಕ್ಕೆ ಹೊಸ ಕಾವು ಹಾಕಿಸಿಕೊಂಡು ಬಂದೆ.